ವೇದಿಕೆ ಮೇಲೆ ಕುರ್ಚಿ ಹಾಕದೆ ಮಾಡಿದ ಒಂದು ಸಂಜೆ

ಹೋದ ಡಿಸೆಂಬರ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಾವು ನಾಲ್ಕು ಜನ ಸೇರಿ ಒಂದು ಮಾತಿನ ಸಂಜೆ ಮಾಡಿದ್ವಿ. ಊರಿನವ್ರೇ ಏಳು ಜನ ಮಾತಾಡಿದ್ರು, ಒಬ್ಬೊಬ್ರಿಗೆ ಏಳು ನಿಮಿಷವೂ ಪೂರ್ತಿ ಇಲ್ಲ. ಆಮೇಲೆ ಸೊರಬ, ಹೊಸನಗರ ಕಡೆಯಿಂದೆಲ್ಲ ಹೇಗ್ ಮಾಡಿದ್ರಿ, ನಮ್ಮೂರಲ್ಲೂ ಮಾಡ್ಬೇಕು ಅಂತ ಕೇಳ್ತಾನೇ ಇದಾರೆ, ಎಲ್ರಿಗೂ ಫೋನಲ್ಲಿ ಹೇಳಿ ಹೇಳಿ ಈಗ ಬರೆದೇ ಬಿಡೋಣ ಅನ್ನಿಸ್ತು.

ಮೊದಲು ಅಂದ್ಕೊಂಡಿದ್ದು ಟೆಡ್ (TED) ಅನ್ನೋ ಭಾಷಣ ಕಾರ್ಯಕ್ರಮದ ತರ. ಅಲ್ಲಿ ಹದಿನೆಂಟು ನಿಮಿಷದ ಮಿತಿ. ಆದ್ರೆ ಮೈಕ್ ಹಿಡಿದೇ ಗೊತ್ತಿಲ್ಲದವ್ರಿಗೆ ಹದಿನೆಂಟು ನಿಮಿಷ ಅಂದ್ರೆ ಒಂದು ಯುಗ, ಭಾಷಣ ಮಾಡಿ ಅಭ್ಯಾಸ ಇರೋರಿಗೆ ಅದು ಬರೀ ಪೀಠಿಕೆಗೇ ಸಾಲಲ್ಲ. ಆಗ ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದಾಗ ನೋಡಿದ್ದ ಪೆಚಕುಚ ಅನ್ನೋ ಚಿತ್ರ ತೋರಿಸ್ತಾ ಮಾತಾಡೋ ಕಾರ್ಯಕ್ರಮ ನೆನಪಾಯ್ತು. 2003ರಲ್ಲಿ ಟೋಕಿಯೋದಲ್ಲಿ ಇಬ್ರು ಆರ್ಕಿಟೆಕ್ಟ್‌ಗಳು ಶುರು ಮಾಡಿದ್ದು. ಆರ್ಕಿಟೆಕ್ಟ್‌ಗಳ ಕೈಗೆ ಮೈಕು, ಚಿತ್ರ ಎರಡೂ ಕೊಟ್ರೆ ನಿಲ್ಲಿಸೋದೇ ಇಲ್ಲ ಅನ್ನೋ ಕಾರಣಕ್ಕೆ ಇಪ್ಪತ್ತು ಚಿತ್ರ, ಒಂದೊಂದಕ್ಕೆ ಇಪ್ಪತ್ತು ಸೆಕೆಂಡು ಅಂತ ನಿಯಮ ಮಾಡಿದ್ರು. ಒಟ್ಟು 6 ನಿಮಿಷ 40 ಸೆಕೆಂಡ್. ಚಿತ್ರ ತಾನಾಗೇ ಮುಂದೆ ಹೋಗುತ್ತೆ, ಯಾರಿಗೂ ಕಾಯಲ್ಲ. ನಾವು ಆ ಹೆಸರು ಹಾಕ್ಕೊಳ್ಳಲಿಲ್ಲ, ಅದಕ್ಕೆ ಅವರ ಅನುಮತಿ ಬೇಕು, ಲೆಕ್ಕ ಮಾತ್ರ ತಗೊಂಡ್ವಿ. ಏಳು ಜನದ್ದು ಸೇರಿ ನಲವತ್ತೇಳು ನಿಮಿಷ.

ಇನ್ನೊಂದು ತೀರ್ಮಾನ ಇದಕ್ಕಿಂತ ಕಷ್ಟದ್ದು, ವೇದಿಕೆ ಮೇಲೆ ಕುರ್ಚಿ ಹಾಕಬಾರದು ಅನ್ನೋದು. ನಮ್ಮ ಕಡೆ ಸಭೆ ಅಂದ್ರೆ ಮೇಲೆ ಒಂಬತ್ತು ಕುರ್ಚಿ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ ಶಾಲು, ಇದೆಲ್ಲ ಆಗೋಷ್ಟರಲ್ಲಿ ಒಂದೂವರೆ ಗಂಟೆ ಆಗಿ ನಿಜವಾಗ್ಲೂ ಏನೋ ಹೇಳೋಕೆ ಬಂದವ್ರಿಗೆ 'ಸಮಯದ ಅಭಾವ' ಅಂತ ಚೀಟಿ ಬರುತ್ತೆ. ನಾನೇ ಆ ಚೀಟಿ ತಗೊಂಡಿದೀನಿ ಎರಡು ಸಲ, ಆ ಬೇಜಾರು ಇನ್ನೂ ಹೋಗಿಲ್ಲ. ಕುರ್ಚಿ ಇಲ್ಲ ಅಂದ್ರೆ ಇದೆಲ್ಲ ತಾನಾಗೇ ಬಿದ್ದೋಗುತ್ತೆ, ಯಾರನ್ನ ಕೂರಿಸ್ಬೇಕು ಯಾರನ್ನ ಬಿಡ್ಬೇಕು ಅನ್ನೋ ಮನಸ್ತಾಪನೂ ಇಲ್ಲ. ಊರಿನ ಹಿರಿಯರ ಮನೆಗೆ ಒಂದು ವಾರ ಮೊದ್ಲೇ ಹೋಗಿ ಹೀಗಿದೆ, ದಯವಿಟ್ಟು ಮುಂದಿನ ಸಾಲಲ್ಲಿ ಕೂತು ಕೇಳಿ ಅಂತ ಕೈಮುಗಿದು ಹೇಳಿದ್ವಿ. ಒಬ್ರು ಬರಲಿಲ್ಲ, ಉಳಿದವ್ರೆಲ್ಲ ಬಂದ್ರು, ಕೊನೇವರೆಗೂ ಕೂತಿದ್ರು.

ಮಾತಾಡೋರನ್ನ ಹುಡುಕೋಕೆ ಪೋಸ್ಟರ್ ಹಾಕಬೇಡಿ. ಹಾಕಿದ್ರೆ ಆಗ್ಲೇ ಮಾತಾಡೋ ಅಭ್ಯಾಸ ಇರೋರೇ ಬರ್ತಾರೆ. ನಾವು ಒಂದೂವರೆ ತಿಂಗಳು ಓಡಾಡಿದ್ವಿ. ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ, ಅದರ ಕಸಿ ಕಟ್ಟೋ ಒಬ್ಬ ರೈತರು, ಗಂಧದ ಕೆತ್ತನೆ ಮಾಡೋ ಗುಡಿಗಾರರ ಮನೆತನದ ಹುಡುಗಿ, ಮನೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯೋ ದೀವರ ಸಮುದಾಯದ ಅಮ್ಮ, ಶರಾವತಿ ಹಿನ್ನೀರಿನ ಆಚೆಯಿಂದ ಒಬ್ಬ ಫೋಟೋ ತೆಗೆಯೋ ಹುಡುಗ, ಪಂಚಾಯ್ತಿ ಮಾಜಿ ಅಧ್ಯಕ್ಷೆ, ಹೀಗೆ. ಹೆಗ್ಗೋಡು ಇಲ್ಲೇ ಹತ್ತಿರ, 1949ರಿಂದ ನೀನಾಸಂ ನಾಟಕ ಸಂಸ್ಥೆ ಇರೋ ಜಾಗ ಇದು, ಕೂತು ಕೇಳೋ ಅಭ್ಯಾಸ ಇರೋ ಪ್ರೇಕ್ಷಕರು ನಮಗೆ ಪುಣ್ಯಕ್ಕೆ ಸಿಕ್ಕಿದಾರೆ, ಅದನ್ನ ನಮ್ಮ ಹೆಚ್ಚುಗಾರಿಕೆ ಅಂತ ಹೇಳ್ಕೊಳ್ಳಲ್ಲ.

ಈಗ ಮುಖ್ಯ ವಿಷಯ. ಕಾರ್ಯಕ್ರಮ ಆಗೋದು ಆ ಸಂಜೆ ಅಲ್ಲ ಮಾರಾಯ್ರೆ, ಅದಕ್ಕೆ ಮೊದ್ಲು ಅವರವರ ಮನೆ ಜಗಲಿ ಮೇಲೆ. ಒಬ್ಬೊಬ್ರ ಹತ್ರ ನಾಲ್ಕು ಸಲನಾದ್ರೂ ಕೂತಿದೀವಿ. ಮಾಜಿ ಅಧ್ಯಕ್ಷೆ ಮೊದಲನೇ ಸಲ ಎರಡು ಹಾಳೆ ಬರ್ಕೊಂಡು ಬಂದಿದ್ರು, 'ಜಲವೇ ಜೀವಜಗತ್ತಿನ ಮೂಲಾಧಾರ' ಅಂತ ಶುರು. ಓದಿ ಮುಗಿಸಿದ್ರು, ನನಗೆ ಏನೂ ಉಳೀಲಿಲ್ಲ, ಅವ್ರಿಗೂ ಅದು ಗೊತ್ತಾಯ್ತು ಅನ್ಸುತ್ತೆ. ಹಾಳೆ ಪಕ್ಕಕ್ಕಿಟ್ಟು ನಾನು ಕೇಳಿದ್ದು ಒಂದೇ, ನಿಮ್ಮೂರಲ್ಲಿ ಮೊದಲು ಬತ್ತಿದ ಬಾವಿ ಯಾವ್ದು? ಅದಕ್ಕವ್ರು ಒಳಗೆ ಹೋಗಿ ಹಗ್ಗ ತಂದ್ರು. ಪ್ರತಿ ಯುಗಾದಿ ದಿನ ಬಾವಿಗೆ ಕೊಡ ಇಳಿಸಿ ಎಲ್ಲಿಗೆ ನೀರು ಮುಟ್ಟುತ್ತೋ ಅಲ್ಲಿಗೊಂದು ಬಣ್ಣದ ದಾರ ಕಟ್ಟಿದಾರೆ! ಇಷ್ಟು ಮಳೆ ಬೀಳೋ ಮಲೆನಾಡಲ್ಲಿ ಮಾರ್ಚ್ ಬಂತು ಅಂದ್ರೆ ಬಾವಿ ಯಾಕೆ ಬತ್ತುತ್ತೆ, ಇಳಿಜಾರಲ್ಲಿ ಬಿದ್ದ ನೀರು ನಿಲ್ಲದೆ ಹೇಗೆ ಹರಿದೋಗುತ್ತೆ, ನರೇಗಾದಲ್ಲಿ ಬೆಟ್ಟದ ಮೇಲೆ ಇಂಗುಗುಂಡಿ ತೋಡಿಸಿದ್ಮೇಲೆ ಎರಡನೇ ವರ್ಷ ದಾರ ಒಂದು ಮೊಳ ಮೇಲೆ ಬಂದಿದ್ದು, ಎಲ್ಲಾ ಆ ಹಗ್ಗದಲ್ಲೇ ಇತ್ತು. ಅವರ ಇಪ್ಪತ್ತು ಚಿತ್ರದಲ್ಲಿ ಹನ್ನೊಂದು ಆ ಹಗ್ಗದ್ದೇ. ಇಂಥದ್ದನ್ನ ವೇದಿಕೆಗೆ ತರೋಕೇ ನಾವು ಇಷ್ಟೆಲ್ಲ ಮಾಡೋದು.

ಅಪ್ಪೆಮಿಡಿಯವ್ರದ್ದು ಉಲ್ಟಾ ಸಮಸ್ಯೆ, ಗೊತ್ತಿರೋದು ಜಾಸ್ತಿ. ಹೊಳೆದಂಡೆ ಮರ, ಸೊನೆ ಪರಿಮಳ, ಜೀರಿಗೆ ವಾಸನೆ ಮಿಡಿ, ಜಿಐ ಟ್ಯಾಗು, ಉಪ್ಪಿನಕಾಯಿ ಎಲ್ಲಾ ಹೇಳ್ಬೇಕು ಅವ್ರಿಗೆ. ಒಂದೇ ಮರದ ಕಥೆ ಹೇಳಿ ಅಂದೆ. ಒಪ್ಪೋಕೆ ಮೂರು ವಾರ ಹಿಡೀತು.

ಟೆಕ್ನಿಕಲ್ ವಿಷಯ ಬೇಗ ಹೇಳ್ತೀನಿ. ಪವರ್‌ಪಾಯಿಂಟಲ್ಲಿ ಟ್ರಾನ್ಸಿಶನ್ಸ್ ಒಳಗೆ 'ಆಫ್ಟರ್' ಅನ್ನೋ ಕಡೆ 20 ಸೆಕೆಂಡ್ ಹಾಕಿ, 'ಆನ್ ಮೌಸ್ ಕ್ಲಿಕ್' ಟಿಕ್ ತೆಗೆದು ಎಲ್ಲಾ ಸ್ಲೈಡಿಗೂ ಅಪ್ಲೈ ಮಾಡಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಬೇರೆ ಲ್ಯಾಪ್‌ಟಾಪಲ್ಲಿ ತೆಗೆದ್ರೆ ಅಕ್ಷರ ಎಲ್ಲಾ ಚಿತ್ರಾನ್ನ ಆಗುತ್ತೆ, ಯೂನಿಕೋಡಲ್ಲೇ ಮಾಡಿ, ಇಲ್ಲಾಂದ್ರೆ ಅಕ್ಷರಾನ ಫೋಟೋ ಮಾಡಿ ಹಾಕಿ. ಎಲ್ರ ಸ್ಲೈಡೂ ಒಂದೇ ಲ್ಯಾಪ್‌ಟಾಪಲ್ಲಿರಲಿ. ಹಿಂದಿನ ದಿನ ಹಾಲಲ್ಲೇ ಒಂದ್ಸಲ ಪೂರ್ತಿ ಓಡಿಸಿ, ಮಾತಾಡೋರು ಮೈಕ್ ಹಿಡಿದೇ ಮಾಡ್ಲಿ.

ಜನರೇಟರ್ ಬಗ್ಗೆ ನಾನು ಉಪೇಕ್ಷೆ ಮಾಡಿದ್ದೆ, ಅದು ನನ್ನ ತಪ್ಪು. ನಾಲ್ಕನೇಯವ್ರು ಚಿತ್ತಾರದ ಅಮ್ಮ, ಅವರ ಐದನೇ ಚಿತ್ರಕ್ಕೆ ಕರೆಂಟ್ ಹೋಯ್ತು. ನನಗೆ ಕೈಕಾಲು ತಣ್ಣಗಾಯ್ತು. ಅವ್ರು ನಿಲ್ಲಿಸಲೇ ಇಲ್ಲ. ಯಾರೋ ಮೊಬೈಲ್ ಟಾರ್ಚ್ ಹಾಕಿದ್ರು, ಆಮೇಲೆ ಹತ್ತು ಜನ ಹಾಕಿದ್ರು. ಅವ್ರು ಸೆರಗಿಂದ ಪುಂಡಿ ನಾರಿನ ಕುಂಚ ತೆಗೆದು ತೋರಿಸ್ತಾ, ಬಿಳಿಗೆ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ ಅಂತ ಹೇಳ್ತಾ, ಭೂಮಿ ಹುಣ್ಣಿಮೆ ಪೂಜೆಗೆ ಚಿತ್ತಾರ ಬರೆಯೋ ಭೂಮಣ್ಣಿ ಬುಟ್ಟಿ ಮೇಲೆ ಮೊದಲನೇ ಗೆರೆ ಎಲ್ಲಿಂದ ಎಳೀಬೇಕು ಅಂತ ಗಾಳಿಯಲ್ಲೇ ಎಳೆದು ತೋರಿಸಿದ್ರು. ಹಾಲಲ್ಲಿ ಪಿಟ್ಟಿಲ್ಲ. ಮನೆಯಲ್ಲಿ ನಾಲ್ಕೈದು ಸಲ ಹೇಳಿ ಹೇಳಿ ಹದ ಸಿಕ್ಕಿದ್ರಿಂದ ಗಡಿಯಾರ ಇಲ್ದೇನೂ ಏಳು ನಿಮಿಷಕ್ಕೆ ಸರಿಯಾಗಿ ಮುಗಿಸಿದ್ರು. ಮುಂದಿನ ಸಲದಿಂದ ಪ್ರತಿಯೊಬ್ರೂ ಕೈಯಲ್ಲಿ ಹಿಡಿಯೋ ಒಂದು ವಸ್ತು ತರಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದ್ವಿ.

ಕರೆಂಟ್ ಬಂದ್ಮೇಲೆ ಫೋಟೋ ಹುಡುಗ. 2025ರ ಜುಲೈನಲ್ಲಿ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಓಪನ್ ಆಯ್ತಲ್ಲ, ಎರಡೂವರೆ ಕಿಲೋಮೀಟರ್ ಹತ್ತಿರ ಇದೆ ಅದು, ಅದಕ್ಕೆ ಮೊದ್ಲು ಅವ್ನು ಕಾಲೇಜಿಗೆ ಹೋಗ್ತಾ ಬರ್ತಾ ಹಿನ್ನೀರು ದಾಟಿಸೋ ಲಾಂಚಲ್ಲಿ ತೆಗೆದ ಫೋಟೋಗಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗಿಂದ ಆ ಕಡೆಯವ್ರು ನೀರು ದಾಟಿಯೇ ಬದುಕಿದವ್ರು. ಹೆರಿಗೆಗೆ ಹೊರಟವ್ರು, ದಿಬ್ಬಣ, ಕೊನೇ ಲಾಂಚ್ ತಪ್ಪಿಸ್ಕೊಂಡು ದಡದಲ್ಲಿ ಮಲಗಿದವ್ರು. ಸೇತುವೆ ಬಂದಿದ್ದಕ್ಕೆ ಅವನಿಗೆ ಖುಷಿನೇ, ಆದ್ರೆ ಲಾಂಚಲ್ಲಿ ದಿನಾ ಸಿಗ್ತಿದ್ದವ್ರು ಈಗ ಸಿಗಲ್ಲ ಅಂದ. ಕೊನೆ ಮೂರು ಚಿತ್ರಕ್ಕೆ ಅವ್ನು ಮಾತೇ ಆಡ್ಲಿಲ್ಲ, ಒಂದು ನಿಮಿಷ ಪೂರ್ತಿ. ಮುಂದಿನ ಸಾಲಲ್ಲಿ ಒಬ್ಬ ಅಜ್ಜ ಕನ್ನಡಕ ತೆಗೆದು ಒರೆಸ್ಕೊಳ್ತಿದ್ರು.

ಪ್ರಶ್ನೋತ್ತರ ಮೈಕಲ್ಲಿ ಮಾಡ್ಲಿಲ್ಲ. ಹೊರಗೆ ಕಷಾಯ, ಅವಲಕ್ಕಿ ಇಟ್ಟಿದ್ವಿ, ಮಾತಾಡಿದ ಏಳು ಜನ ಒಂದೊಂದು ಕಡೆ ನಿಂತಿದ್ರು, ಜನ ಅಲ್ಲೇ ಹೋಗಿ ಕೇಳಿದ್ರು. ಇದು ತುಂಬಾ ಚೆನ್ನಾಗ್ ಆಯ್ತು, ಮೈಕಲ್ಲಿ ಕೇಳೋಕೆ ಅಂಜೋ ಹೆಣ್ಮಕ್ಕಳೇ ಜಾಸ್ತಿ ಕೇಳಿದ್ದು.

ಒಂಬತ್ತೂವರೆಗೆ ಹಾಲ್ ಬೀಗ ಹಾಕೋಕೆ ಬಂದ್ರೆ ಮೆಟ್ಟಿಲ ಮೇಲೆ ಅಪ್ಪೆಮಿಡಿಯವ್ರು, ಮಾಜಿ ಅಧ್ಯಕ್ಷೆ ಇಬ್ರೂ ಹಗ್ಗ ಮಧ್ಯೆ ಹಾಕ್ಕೊಂಡು ಕೂತಿದಾರೆ. ಇಂಗುಗುಂಡಿ ಕೆಳಗಿನ ಹಳ್ಳದ ದಂಡೆಯಲ್ಲಿ ಮಿಡಿ ಗಿಡ ನೆಟ್ರೆ ಬೇಸಿಗೆಯಲ್ಲಿ ನಿಲ್ಲುತ್ತಾ ಅಂತ ಚರ್ಚೆ. ಅವರಿಬ್ರ ಊರು ಹನ್ನೆರಡು ಕಿಲೋಮೀಟರ್ ದೂರ ಅಷ್ಟೇ, ಅಲ್ಲೀವರೆಗೂ ಮುಖ ನೋಡಿದವ್ರಲ್ಲ. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು, ನಮ್ಮ ಕಾರಲ್ಲೇ ಬಿಟ್ಟು ಬಂದ್ವಿ, ಹಿಂದಿನ ಸೀಟಲ್ಲಿ ದಾರಿ ಉದ್ದಕ್ಕೂ ಅದೇ ಮಾತು. ಮಳೆ ಹಿಡಿದ ಮೇಲೆ ನಲವತ್ತು ಕಸಿ ಗಿಡ ಕೊಡ್ತೀನಿ ಅಂದಿದಾರೆ ಅವ್ರು, ಗುಂಡಿ ತೆಗೆಸೋದು ಇವ್ರದ್ದು.