ಮೊದಲು ಉದ್ಯಾನ, ಆಮೇಲೆ ತಿಂಡಿ: ಹಳೆಯ ಬೆಂಗಳೂರನ್ನು ನಡೆದು ನೋಡುವ ಕ್ರಮ

ನಾನು ಹುಟ್ಟಿ ಬೆಳೆದ ಬೆಂಗಳೂರನ್ನು ನೋಡಲು ಬರುವವರು ಸಾಮಾನ್ಯವಾಗಿ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮತ್ತು ನಾಲ್ಕಾರು ಹೆಸರಾಂತ ಹೋಟೆಲುಗಳನ್ನು ಒಂದೇ ದಿನದ ಪಟ್ಟಿಗೆ ಸೇರಿಸಿಕೊಂಡು, ಆ ದಿನದ ಬಹುಪಾಲನ್ನು ಆಟೊರಿಕ್ಷಾದಲ್ಲಿಯೇ ಕಳೆದುಬಿಡುತ್ತಾರೆ. ಅದಕ್ಕಿಂತ ಒಂದು ಬೆಳಿಗ್ಗೆಗೆ ಒಂದೇ ಉದ್ಯಾನವನ್ನೂ ಅಲ್ಲಿಂದ ನಡೆದು ತಲುಪಬಹುದಾದ ಒಂದು ಹೋಟೆಲನ್ನೂ ಆರಿಸಿಕೊಳ್ಳುವುದು ಎಷ್ಟೋ ಮೇಲು. ಉದ್ಯಾನವನ್ನೇ ಮೊದಲು ನೋಡಬೇಕು. ಬಿಸಿಲೇರಿದ ಮೇಲೆ ಉದ್ಯಾನದೊಳಗಿನ ಬಂಡೆ ಹತ್ತುವುದು ಕಷ್ಟ. ಹೊಟ್ಟೆ ತುಂಬ ದೋಸೆ ತಿಂದು ಹತ್ತುವುದಂತೂ ಇನ್ನೂ ಕಷ್ಟ.

ಮೊದಲ ಸಲ ಬರುವವರಿಗೆ ನಾನು ಹೇಳುವುದು ಲಾಲ್‌ಬಾಗನ್ನೇ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಮುಂದುವರಿಸಿದ ಈ ತೋಟ ಇಂದು ಸುಮಾರು 240 ಎಕರೆಗಳಷ್ಟಿದೆ. ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿದರೆ ಒಳ್ಳೆಯದು. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಗಾಜಿನ ಮನೆಯನ್ನು ನೋಡಿಕೊಂಡು, ಬಂಡೆ ಹತ್ತಿ ಇಳಿದು, ಮುಖ್ಯದ್ವಾರದಿಂದ ಹೊರಬರುವಂತೆ ದಾರಿಯನ್ನು ಯೋಜಿಸಿಕೊಳ್ಳಿ.

ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರೂನ್. ನಮ್ಮ ಅಡುಗೆಮನೆಗಳಲ್ಲಿ ಸಾಂಬಾರಿಗೂ ಪಲ್ಯಕ್ಕೂ ಒದಗುವ ಸೀಮೆ ಬದನೆಕಾಯಿಯನ್ನು ಬೆಂಗಳೂರಿಗೆ ಪರಿಚಯಿಸಿದವರೂ ಅವರೇ ಎನ್ನುತ್ತಾರೆ. ಈ ಊರಿನ ತೋಟಕ್ಕೂ ತಟ್ಟೆಗೂ ಇರುವ ನಂಟು ಅಷ್ಟು ಹಳೆಯದು. 1908ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಊರಿನ ಸಾಲುಮರಗಳನ್ನು ಆರಿಸಬೇಕೆಂಬ ಆಲೋಚನೆಯನ್ನು ಇಲ್ಲಿ ಬೆಳೆಸಿದರು. ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಅದರ ಹಿಂದೆಯೇ ನೇರಳೆ ಬಣ್ಣದ ಜಕರಂಡ, ಬೇಸಿಗೆ ಬಲಿತಾಗ ಕೆಂಪು ಗುಲ್‌ಮೊಹರ್ ಅರಳುವುದನ್ನು ಇಂದಿಗೂ ನೋಡಬಹುದು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಬಹಳ ಚೆಂದವೇ ಆದರೂ, ಆ ದಿನಗಳಲ್ಲಿ ನೀವು ಪ್ರದರ್ಶನವನ್ನು ನೋಡುವಿರೇ ಹೊರತು ತೋಟವನ್ನಲ್ಲ. ಮರಗಳನ್ನು ನೋಡುವ ಆಸೆಯಿದ್ದವರು ಬೇರೆ ದಿನ ಬರಬೇಕು.

ಬಂಡೆಯ ಮೇಲೆ ಎಲ್ಲರೂ ಕೆಂಪೇಗೌಡರ ಗೋಪುರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ದಯವಿಟ್ಟು ಕಾಲ ಕೆಳಗೂ ನೋಡಿ. ಕಲ್ಲಿನ ಮೈಮೇಲೆ ಬೂದು ಮತ್ತು ಬಿಳಿಯ ಪಟ್ಟೆಗಳು ಒಂದರ ಪಕ್ಕ ಒಂದು ಹರಿದು, ಕೆಲವೆಡೆ ಬಳುಕಿ ಮಡಿಚಿಕೊಂಡಿರುವುದು ಕಾಣುತ್ತದೆ. ಇಳಿಬಿಸಿಲಿಗಿಂತ ಎಳೆಬಿಸಿಲಿನಲ್ಲಿ ಅವು ಹೆಚ್ಚು ಸ್ಪಷ್ಟ. ಇದು ಸುಮಾರು 300 ಕೋಟಿ ವರ್ಷ ಹಳೆಯದಾದ ಗ್ನೀಸ್, ಅಂದರೆ ನೆಲದಾಳದ ಶಾಖ ಮತ್ತು ಒತ್ತಡದಿಂದ ರೂಪಾಂತರಗೊಂಡ ಪಟ್ಟೆಪಟ್ಟೆಯ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಈ ಬಗೆಯ ಶಿಲೆಗೆ ‘ಪೆನಿನ್ಸುಲರ್ ಗ್ನೀಸ್’ ಎಂಬ ಹೆಸರನ್ನು ಕೊಟ್ಟರು. ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಮುಖ್ಯದ್ವಾರದಿಂದ ಹೊರಬಿದ್ದರೆ ಲಾಲ್‌ಬಾಗ್ ರಸ್ತೆಯಲ್ಲಿರುವ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ದೂರವಲ್ಲ. 1924ರಲ್ಲಿ ಆರಂಭವಾದ ಈ ಹೋಟೆಲಿಗೆ ಸೋಮವಾರ ರಜೆ ಎಂಬುದನ್ನು ನೆನಪಿಡಿ. ಭಾನುವಾರ ಹೋದರೆ ಕಾಯುವುದು ತಪ್ಪಿದ್ದಲ್ಲ. ಇಲ್ಲಿ ರವೆ ಇಡ್ಲಿಯನ್ನೇ ಮೊದಲು ತರಿಸಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ಇದೇ ಅಡುಗೆಮನೆಯಲ್ಲಿ ಹುಟ್ಟಿದ ತಿಂಡಿಯೆಂದು ಅದು ಪ್ರಸಿದ್ಧ. ಸಾಗು ಮತ್ತು ಚಟ್ನಿಗಳ ಜೊತೆಗೆ ಬರುವ ತುಪ್ಪವನ್ನು ಇಡ್ಲಿ ಬಿಸಿಯಾಗಿರುವಾಗಲೇ ಸುರಿದುಕೊಂಡು, ಅದು ಒಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು ತಿನ್ನಬೇಕು. ಹಲವು ಹೋಟೆಲುಗಳ ರುಚಿ ನೋಡಬೇಕೆನ್ನುವವರು ಎಲ್ಲವನ್ನೂ ಇಬ್ಬರಿಗೊಂದರಂತೆ ಹಂಚಿಕೊಳ್ಳಲಿ. ‘ಬೈ ಟು ಕಾಫಿ’ ಕೇಳುವುದಕ್ಕೆ ಈ ಊರಿನಲ್ಲಿ ಯಾರೂ ಸಂಕೋಚಪಡುವುದಿಲ್ಲ.

ಎರಡನೆಯ ಬೆಳಿಗ್ಗೆ ಬಸವನಗುಡಿಗೆ ಮೀಸಲಾಗಿರಲಿ. ಕಹಳೆ ಬಂಡೆಯ ಉದ್ಯಾನ ಲಾಲ್‌ಬಾಗಿನಷ್ಟು ದೊಡ್ಡದಲ್ಲ, ಆದರೆ ನನಗೆ ಅದಕ್ಕಿಂತ ಹತ್ತಿರದ್ದು. ಬಂಡೆ, ಮರದ ನೆರಳು, ಪಕ್ಕದಲ್ಲಿಯೇ ದೊಡ್ಡ ಗಣಪತಿ, ಮೇಲೆ ಏಕಶಿಲೆಯ ದೊಡ್ಡ ಬಸವಣ್ಣ, ಎಲ್ಲವೂ ಕೈಯಳತೆಯಲ್ಲಿವೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಲಿನ ಊರುಗಳ ರೈತರು ಹೊಲಕ್ಕೆ ನುಗ್ಗುತ್ತಿದ್ದ ಬಸವನನ್ನು ಸಮಾಧಾನಪಡಿಸಲು ಮೊದಲ ಬೆಳೆಯನ್ನು ಒಪ್ಪಿಸುತ್ತಿದ್ದರೆಂಬ ಕಥೆ ಇಲ್ಲಿಯದೇ. ಪರಿಷೆಗೆ ಬರುವವರು ವಾಹನವನ್ನು ಮನೆಯಲ್ಲಿಯೇ ಬಿಟ್ಟು, ಕೈಚೀಲ ಮಾತ್ರ ಮರೆಯದೆ ತರಬೇಕು. ಹಸಿ ಕಾಯಿ, ಹುರಿದದ್ದು, ಬೇಯಿಸಿದ್ದು, ಮೂರನ್ನೂ ಅಲ್ಲಲ್ಲೇ ತಿಂದು ನೋಡಿ ಆಮೇಲೆ ಕೊಳ್ಳುವುದು ವಾಡಿಕೆ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದರೆ 1943ರ ವಿದ್ಯಾರ್ಥಿ ಭವನ ಸಿಗುತ್ತದೆ. ಶುಕ್ರವಾರ ರಜೆ. ಇಲ್ಲಿಯ ಮಸಾಲೆ ದೋಸೆ ತೆಳುವಲ್ಲ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಬಡಿಸುವವರು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಜೋಡಿಸಿಕೊಂಡು ಇಕ್ಕಟ್ಟಾದ ಮೇಜುಗಳ ನಡುವೆ ಸರಾಗವಾಗಿ ಬರುವುದನ್ನು ಕಾಣಲು ಅಡುಗೆಮನೆಯ ಕಡೆಗೆ ಮುಖಮಾಡಿ ಕುಳಿತುಕೊಳ್ಳಿ. ಜೊತೆಗೆ ಸಾಂಬಾರನ್ನು ನಿರೀಕ್ಷಿಸಬೇಡಿ, ನೀರಾದ ಚಟ್ನಿಯೇ ಅದಕ್ಕೆ ಸರಿಜೋಡಿ. ಸಾಲು ತೀರ ಉದ್ದವಿದ್ದರೆ ಹತ್ತಿರದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಬಹುದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಇಷ್ಟೇ ತಿಂಡಿ. ನಿಂತೇ ತಿನ್ನಬೇಕು, ಚಟ್ನಿ ಮಾತ್ರ ಕೇಳಿದಷ್ಟು ಹಾಕುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಕುಳಿತು ತಿನ್ನುವ ಹೋಟೆಲನ್ನೇ ಆರಿಸಿ. ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ.

1870ರಲ್ಲಿ ರಿಚರ್ಡ್ ಸ್ಯಾಂಕಿ ಅವರು ರೂಪಿಸಿದ ಕಬ್ಬನ್ ಪಾರ್ಕಿಗೆ ಭಾನುವಾರವೇ ಸೂಕ್ತ, ಏಕೆಂದರೆ ಅಂದು ಒಳಗಿನ ರಸ್ತೆಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡ, ಮತ್ತು ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನು ನೋಡಿಕೊಂಡು ಬರಲು ಎರಡು ಗಂಟೆ ಸಾಕು. ಮಲ್ಲೇಶ್ವರದ ಕಡೆ ಉಳಿದುಕೊಂಡವರು ಅದೇ ಸ್ಯಾಂಕಿಯವರ ಹೆಸರಿನ ಕೆರೆಯ ಏರಿಯನ್ನು ಸುತ್ತಿ, ಹದಿನೈದನೆಯ ಅಡ್ಡರಸ್ತೆಯ ವೀಣಾ ಸ್ಟೋರ್ಸಿನಲ್ಲಿ ಇಡ್ಲಿಯನ್ನೋ, ಏಳನೆಯ ಅಡ್ಡರಸ್ತೆಯ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ದೋಸೆಯನ್ನೋ ತಿನ್ನಲಿ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸುವ ಹಟ ಬೇಡ.