ಕೈ ಇದೆಯಲ್ಲ ಅಂದರು: ಅಪಘಾತ ವಿಮೆ ಕ್ಲೇಮ್‌ನಲ್ಲಿ ನನ್ನ ಅನುಭವ

2023ರ ಫೆಬ್ರುವರಿಯ ಒಂದು ರಾತ್ರಿ ಅರಸೀಕೆರೆಯಿಂದ ತಿಪಟೂರಿಗೆ ಬರುವಾಗ ಬೈಕಿನಿಂದ ಬಿದ್ದೆ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ರಸ್ತೆ ಮೇಲಿನ ಮರಳಿಗೆ ಚಕ್ರ ಜಾರಿತು, ಬಲಭುಜ ನೆಲಕ್ಕೆ ಬಡಿಯಿತು. ಮೂಳೆ ಮುರಿಯಲಿಲ್ಲ. ಹೊರಗೆ ಕಾಣುತ್ತಿದ್ದದ್ದು ತರಚಿದ ಗಾಯ ಮಾತ್ರ. ಆದರೆ ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದವು. ಡಾಕ್ಟರು ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಇಂಜುರಿ ಅಂತಾರೆ. ಇವತ್ತು ನನ್ನ ಬಲ ಮೊಣಕೈ ಸ್ವಲ್ಪ ಬಗ್ಗುತ್ತದೆ. ಮಣಿಕಟ್ಟು, ಬೆರಳು ಯಾವುದೂ ಅಲ್ಲಾಡುವುದಿಲ್ಲ.

ಎಪಿಎಂಸಿ ಯಾರ್ಡ್ ಹತ್ತಿರ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಟೈಪಿಂಗ್‌ನಿಂದಲೇ ಮನೆ ನಡೆಯುತ್ತಿತ್ತು. ನನಗೆ ಎರಡು ವಿಮೆ ಇದ್ದವು. ಒಂದು, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಇನ್ನೊಂದು, ಒಂದು ಕಂಪನಿಯಿಂದ ತಗೊಂಡಿದ್ದ 15 ಲಕ್ಷದ ವೈಯಕ್ತಿಕ ಅಪಘಾತ ಪಾಲಿಸಿ. ಎರಡರ ಹಣವೂ ಕೊನೆಗೆ ಬಂತು. ಅದಕ್ಕೆ ಎರಡು ವರ್ಷದ ಮೇಲೆ ಹಿಡಿಯಿತು.

ಮೊದಲು ನಾನು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ. ನಾನೇ ಬಿದ್ದದ್ದು, ಯಾರ ಮೇಲೆ ಕಂಪ್ಲೇಂಟ್ ಕೊಡುವುದು ಅಂತ ಪೊಲೀಸ್ ಠಾಣೆಗೆ ಹೋಗಲಿಲ್ಲ. ಕೈ ಸರಿಹೋಗುತ್ತದೆ ಅಂತ ನಂಬಿ ವಿಮಾ ಕಂಪನಿಗೂ ತಿಳಿಸಲಿಲ್ಲ. ತಿಳಿಸಿದ್ದು 43ನೇ ದಿನ. ಪುಣ್ಯಕ್ಕೆ ಆಸ್ಪತ್ರೆಯವರು ಮೊದಲ ರಾತ್ರಿಯೇ ಎಂಎಲ್‌ಸಿ, ಅಂದರೆ ಅಪಘಾತದ ಗಾಯ ಅಂತ ಪೊಲೀಸರಿಗಾಗಿ ಮಾಡುವ ಮೆಡಿಕೊ-ಲೀಗಲ್ ದಾಖಲೆ ಮಾಡಿದ್ದರು. ಅದರ ನಂಬರ್ ಹಿಡಿದು ತಡವಾಗಿ ಠಾಣೆಗೆ ಅರ್ಜಿ ಕೊಟ್ಟೆ, ಅರ್ಜಿ ಬಂದಿದೆ ಅಂತ ಲಿಖಿತ ಹಿಂಬರಹ ಕೊಟ್ಟರು. ಕ್ಯಾಶುವಾಲ್ಟಿ ಚೀಟಿಯಲ್ಲಿ ಮದ್ಯದ ವಾಸನೆ ಇಲ್ಲ ಅಂತ ಒಂದು ಸಾಲು ಇತ್ತು. ಆ ಸಾಲು ಇಲ್ಲದಿದ್ದರೆ ಇನ್ನೊಂದು ತಕರಾರು ಹುಟ್ಟುತ್ತಿತ್ತು. ಮೊದಲ ರಾತ್ರಿಯ ಕಾಗದಗಳನ್ನು ದಯವಿಟ್ಟು ಎಲ್ಲರೂ ಜೋಪಾನ ಮಾಡಿ.

ಬಿದ್ದ ನಾಲ್ಕು ತಿಂಗಳಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಪಕ್ಕೆಲುಬಿನ ನರ ತಂದು ಮೊಣಕೈ ಬಗ್ಗಿಸುವ ಸ್ನಾಯುವಿಗೆ ಜೋಡಿಸಿದರು. ಯಾವಾಗ ಗೊತ್ತಾಗುತ್ತದೆ ಸರ್ ಅಂತ ಕೇಳಿದೆ. ನರ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಂದರು. ಭುಜದಿಂದ ಬೆರಳಿನವರೆಗೆ ಎರಡು ಅಡಿಗೂ ಜಾಸ್ತಿ. ಲೆಕ್ಕ ಹಾಕಿದರೆ ಎರಡು ವರ್ಷದ ಹತ್ತಿರ ಹೋಗುತ್ತದೆ, ಅಲ್ವಾ? ಅಷ್ಟು ದಿನ ಕಾಯದೆ ಶಾಶ್ವತ ಅಂತ ಬರೆಯಲು ಡಾಕ್ಟರಿಗೆ ಮನಸ್ಸು ಬರುವುದಿಲ್ಲ. ರೋಗಿ ಧೈರ್ಯಗೆಡಬಾರದು ಅಂತಲೂ ಇರುತ್ತದೆ. ಒಂಬತ್ತನೇ ತಿಂಗಳಲ್ಲಿ ಅಂಗವೈಕಲ್ಯ ಸರ್ಟಿಫಿಕೇಟಿಗೆ ಹೋದಾಗ ಮೆಡಿಕಲ್ ಬೋರ್ಡ್‌ನವರು ತಾತ್ಕಾಲಿಕ ಅಂತಲೇ ಕೊಟ್ಟರು. ಶಾಶ್ವತ ಅಂತ ಬಂದದ್ದು ಹದಿನೈದನೇ ತಿಂಗಳಲ್ಲಿ, 70 ಪರ್ಸೆಂಟ್.

ನನ್ನ ಪಾಲಿಸಿಯಲ್ಲಿ ಮಾತ್ರ ಬೇರೆ ಲೆಕ್ಕ ಇತ್ತು. ಅಪಘಾತ ಆದ 12 ತಿಂಗಳೊಳಗೆ ಅಂಗವೈಕಲ್ಯ ಆಗಿರಬೇಕು. ಅಪಘಾತ ಪಾಲಿಸಿಗಳಲ್ಲಿ ಈ ಷರತ್ತು ಸಾಮಾನ್ಯ. ನನಗೆ ಅದು ಗೊತ್ತಿರಲಿಲ್ಲ. ಪಾಲಿಸಿ ಪುಸ್ತಕ ಬೀರುವಿನಲ್ಲಿ ಸುಮ್ನೆ ಬಿದ್ದಿತ್ತು.

ಶಾಶ್ವತ ಸರ್ಟಿಫಿಕೇಟ್ ಸಿಕ್ಕ ಮೇಲೆ 2024ರ ಜೂನ್‌ನಲ್ಲಿ ಎಲ್ಲ ದಾಖಲೆ ಕೊಟ್ಟೆ. ಆಗಸ್ಟ್‌ನಲ್ಲಿ ರಿಜೆಕ್ಟ್ ಪತ್ರ ಬಂತು. ಮೂರು ಕಾರಣ ಬರೆದಿದ್ದರು. ತಡವಾಗಿ ತಿಳಿಸಿದ್ದೀರಿ. ಕೈ ದೇಹದಿಂದ ಬೇರ್ಪಟ್ಟಿಲ್ಲ. ಅಂಗವೈಕಲ್ಯ 12 ತಿಂಗಳ ನಂತರ ಆಗಿದೆ. ಶಾಖೆಗೆ ಹೋಗಿ ಕೇಳಿದರೆ ಅಲ್ಲಿದ್ದವರು, "ಸರ್, ಕೈ ಇದೆಯಲ್ಲ" ಅಂದರು. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿದ್ದ ಕೈಯನ್ನು ನೋಡಿಕೊಂಡೇ ಹೇಳಿದರು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಅಕ್ಕನ ಮಗಳು ಬಿಕಾಂ ಓದುತ್ತಿದ್ದಳು. ಅವಳನ್ನು ಕೂರಿಸಿಕೊಂಡು ಇಂಗ್ಲಿಷಿನ ಪಾಲಿಸಿಯನ್ನು ಸಾಲು ಸಾಲಾಗಿ ಓದಿಸಿದೆ. ಎರಡು ಸಂಜೆ ಹಿಡಿಯಿತು. "ಮಾಮ, ಇಲ್ಲಿ ಕೆಳಗೆ ಇನ್ನೊಂದು ಸಾಲಿದೆ ನೋಡಿ" ಅಂದಳು. ಮೇಲಿನ ಸಾಲು ಕೈ ಕತ್ತರಿಸಿ ಹೋದವರಿಗೆ. ಅದರ ಕೆಳಗಿನದು, ಕೈ ಬೇರ್ಪಡದೆಯೂ ಅದರ ಉಪಯೋಗ ಪೂರ್ತಿಯಾಗಿ, ಮತ್ತೆ ಬಾರದ ಹಾಗೆ ಹೋದವರಿಗೆ. ಎರಡಕ್ಕೂ ವಿಮಾ ಮೊತ್ತದ 50 ಪರ್ಸೆಂಟ್. ಕಂಪನಿಯವರು ಮೇಲಿನ ಸಾಲನ್ನಷ್ಟೇ ನೋಡಿ ಪತ್ರ ಬರೆದಿದ್ದರು.

ಅಲ್ಲೇ ನನ್ನ ಇನ್ನೊಂದು ತಪ್ಪು ತಿಳುವಳಿಕೆಯೂ ಹೋಯಿತು. ಸರ್ಟಿಫಿಕೇಟಿನಲ್ಲಿ 70 ಅಂತ ಇದ್ದರೆ 15 ಲಕ್ಷದ 70 ಪರ್ಸೆಂಟ್ ಸಿಗುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಸರ್ಕಾರದ ಸರ್ಟಿಫಿಕೇಟಿನ ಪರ್ಸೆಂಟ್ ಬಸ್ ಪಾಸ್, ಪಿಂಚಣಿ, ಮೀಸಲಾತಿಗೆ ಲೆಕ್ಕ. ನನ್ನ ಪಾಲಿಸಿಯಲ್ಲಿ ಅದರದೇ ಪಟ್ಟಿ ಇತ್ತು, ಯಾವ ಅಂಗಕ್ಕೆ ಎಷ್ಟು ಅಂತ. ನನಗೆ ಸಿಗಬೇಕಾದ್ದು ಏಳೂವರೆ ಲಕ್ಷ. ನಾನು ಅಷ್ಟನ್ನೇ ಕೇಳಿದೆ.

ತಡವಾಗಿ ತಿಳಿಸಿದ್ದಕ್ಕೆ ಉತ್ತರ ಸುಲಭವಾಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದೇ ಒಂದು ಸುತ್ತೋಲೆ ಹೊರಡಿಸಿತ್ತು. ನಿಜವಾದ ಕ್ಲೇಮನ್ನು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ತಿರಸ್ಕರಿಸಬಾರದು ಅನ್ನುವುದು ಅದರ ತಿರುಳು. ತಡ ಯಾಕಾಯಿತು ಅಂತ ನಾವು ಬರೆದುಕೊಡಬೇಕು. ಆಸ್ಪತ್ರೆಯಲ್ಲಿದ್ದ ದಿನಗಳ ಡಿಸ್ಚಾರ್ಜ್ ಸಮರಿ ಲಗತ್ತಿಸಿ ಬರೆದೆ.

12 ತಿಂಗಳ ವಿಷಯವೇ ನಿಜಕ್ಕೂ ಕಷ್ಟದ್ದು. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಕೈ ಕೆಲಸ ನಿಲ್ಲಿಸಿದ್ದು ಯಾವತ್ತು? ಬಿದ್ದ ಕ್ಷಣದಲ್ಲೇ. ಹದಿನೈದನೇ ತಿಂಗಳಲ್ಲಿ ಬಂದದ್ದು ಕಾಗದ ಮಾತ್ರ. ಇದನ್ನು ನಾನು ಹೇಳಿದರೆ ಆಗುವುದಿಲ್ಲ, ಆಪರೇಷನ್ ಮಾಡಿದ ಡಾಕ್ಟರು ಹೇಳಬೇಕು. ಬೆಂಗಳೂರಿಗೆ ಹೋಗಿ ಅವರನ್ನೇ ಕಂಡೆ. ಹಣಕ್ಕಾಗಿ ಜಾಸ್ತಿ ಬರೆಯಿರಿ ಅಂತ ಕೇಳಲಿಲ್ಲ. ನಾಲ್ಕು ಪ್ರಶ್ನೆ ಟೈಪ್ ಮಾಡಿಕೊಂಡು ಹೋಗಿದ್ದೆ. ಅಪಘಾತದ ದಿನದಿಂದ ಕೈಯ ಚಲನೆ ಹೇಗಿತ್ತು? ಎಂಆರ್‌ಐನಲ್ಲಿ ನರ ಬೇರಿನಿಂದಲೇ ಕಿತ್ತಿದೆ ಅಂತ ಕಂಡದ್ದು ಯಾವ ದಿನ? ಹಾಗೆ ಕಿತ್ತ ನರ ತಾನಾಗಿಯೇ ಕೂಡಿಕೊಳ್ಳುತ್ತದೆಯೇ? ಆಪರೇಷನ್‌ನಿಂದ ಅಂಗೈ, ಬೆರಳು ಕೆಲಸಕ್ಕೆ ಬರುವ ನಿರೀಕ್ಷೆ ಇತ್ತೇ?

ಅವರು ಹಳೆಯ ಫೈಲ್ ತರಿಸಿ ನೋಡಿ ಒಂದು ಪುಟ ಬರೆದುಕೊಟ್ಟರು. ಎಂಆರ್‌ಐ ಅಪಘಾತವಾದ ಎರಡನೇ ತಿಂಗಳಿನದು. ಬೇರಿನಿಂದ ಕಿತ್ತ ನರ ತಾನಾಗಿ ಸರಿಹೋಗುವುದಿಲ್ಲ. ಆಪರೇಷನ್ ಮಾಡಿದ್ದು ಮೊಣಕೈಗಾಗಿ, ಅಂಗೈಗಾಗಿ ಅಲ್ಲ. ಅಂಗೈ ಮತ್ತು ಬೆರಳುಗಳ ಶಕ್ತಿ ಅಪಘಾತದ ದಿನದಿಂದ ಸೊನ್ನೆ. ಇದೇ ಪತ್ರ ಇನ್ನೊಂದು ಗೊಂದಲವನ್ನೂ ಬಿಡಿಸಿತು. ಫಿಸಿಯೋಥೆರಪಿ ಹಾಳೆಯಲ್ಲಿ ಸುಧಾರಣೆ ಇದೆ ಅಂತ ಬರೆದಿದ್ದರು, ಕಂಪನಿ ಅದನ್ನೂ ನನ್ನ ವಿರುದ್ಧ ಎತ್ತಿ ತೋರಿಸಿತ್ತು. ಸುಧಾರಣೆ ಆಗಿದ್ದು ಮೊಣಕೈಯಲ್ಲಿ ಅಂತ ಡಾಕ್ಟರು ಸ್ಪಷ್ಟ ಮಾಡಿದರು. ಈ ಪತ್ರವನ್ನು ನಾನು ಹನ್ನೊಂದನೇ ತಿಂಗಳಲ್ಲೇ ತಗೊಂಡಿದ್ದರೆ ಎಷ್ಟು ಅಲೆದಾಟ ಉಳಿಯುತ್ತಿತ್ತು!

ಕಂಪನಿಯ ದೂರು ವಿಭಾಗಕ್ಕೆ ಇದನ್ನೆಲ್ಲ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆ. ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆ ಇರುವುದಿಲ್ಲ, ಅದಕ್ಕೇ ಎಲ್ಲವನ್ನೂ ಬರೆದೇ ಕೇಳಿದೆ. ಮೂರು ವಾರಕ್ಕೆ ಅದೇ ಹಳೆಯ ಉತ್ತರ ಬಂತು. ಆಮೇಲೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯ ಬಾಗಿಲು ತಟ್ಟಿದೆ. ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು. ಅವರು ಒಪ್ಪದಿದ್ದರೆ, ಇಲ್ಲವೇ ಒಂದು ತಿಂಗಳು ಉತ್ತರವೇ ಕೊಡದಿದ್ದರೆ, ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ಬರೆಯಬೇಕು. ಫೀಸ್ ಇಲ್ಲ. ವಕೀಲರನ್ನು ಕರೆದುಕೊಂಡು ಹೋಗುವಂತಿಲ್ಲ, ಕಂಪನಿಯೂ ತನ್ನ ಪರ ವಕೀಲರನ್ನು ನಿಲ್ಲಿಸುವಂತಿಲ್ಲ. ನಮ್ಮಂಥವರಿಗೆ ಇದು ದೊಡ್ಡ ಸಮಾಧಾನ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ.

ವಿಚಾರಣೆಗೆ ವಿಡಿಯೊದಲ್ಲೂ ಹಾಜರಾಗಬಹುದಿತ್ತು. ಕೈಯನ್ನು ಅವರು ಕಣ್ಣಾರೆ ನೋಡಲಿ ಅಂತ ನಾನು ರೈಲು ಹತ್ತಿದೆ. ಕಂಪನಿ ಮೊದಲೇ ತನ್ನ ವಾದವನ್ನು ಬರೆದುಕೊಟ್ಟಿತ್ತು, ಅದರ ಪ್ರತಿ ನನಗೂ ಸಿಕ್ಕಿತ್ತು. ನಾನು ಒಂದೇ ಹಾಳೆಯಲ್ಲಿ ತಾರೀಖಿನ ಪಟ್ಟಿ ಮಾಡಿಕೊಂಡಿದ್ದೆ. ಬಿದ್ದ ದಿನ, ಎಂಆರ್‌ಐ, ಆಪರೇಷನ್, ತಾತ್ಕಾಲಿಕ ಸರ್ಟಿಫಿಕೇಟ್, ಶಾಶ್ವತ ಸರ್ಟಿಫಿಕೇಟ್. ಪಕ್ಕದಲ್ಲಿ ಆಯಾ ದಾಖಲೆಯ ಪುಟ ಸಂಖ್ಯೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. 2025ರ ಏಪ್ರಿಲ್‌ನಲ್ಲಿ ಆದೇಶ ನನ್ನ ಪರ ಬಂತು. ಕಂಪನಿ 30 ದಿನದೊಳಗೆ ಪಾಲಿಸಬೇಕು ಅಂತ ನಿಯಮ. 26ನೇ ದಿನ ಖಾತೆಗೆ ಹಣ ಬಿತ್ತು. ಮೊದಲು ಭಾವನ ಹತ್ತಿರ ಮಾಡಿದ್ದ ಸಾಲ ತೀರಿಸಿದೆ.

20 ರೂಪಾಯಿಯ ಯೋಜನೆ ಬಗ್ಗೆಯೂ ಹೇಳಲೇಬೇಕು. ಬ್ಯಾಂಕಿನಲ್ಲಿ ಕೇಳಿದಾಗ ಅದು ಸತ್ತವರಿಗೆ ಮಾತ್ರ ಅಂದರು. ಹಾಗಿಲ್ಲ. ಅಪಘಾತದಲ್ಲಿ ಒಂದು ಕೈ ಅಥವಾ ಒಂದು ಕಾಲಿನ ಉಪಯೋಗ, ಇಲ್ಲವೇ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೆ ಒಂದು ಲಕ್ಷ, ಎರಡು ಹೋದರೆ ಎರಡು ಲಕ್ಷ. ಅದರ ವರ್ಷ ಜೂನ್ 1ರಿಂದ ಮೇ 31. ಪಾಸ್‌ಬುಕ್ಕಿನಲ್ಲಿ 20 ರೂಪಾಯಿ ಕಟ್ ಆದ ಸಾಲಿಗೆ ಗೆರೆ ಎಳೆದು ತೋರಿಸಿದೆ. ಫಾರಂ ತಗೊಂಡರು. ಒಂದು ಲಕ್ಷ ಬಂತು.

ಈಗ ಎಡಗೈಯಲ್ಲಿ ಟೈಪ್ ಮಾಡುತ್ತೇನೆ. ನಿಧಾನ, ಆದರೆ ಆಗುತ್ತದೆ. ಕ್ಲೇಮ್ ಕಾಗದ ಹಿಡಿದು ಅಂಗಡಿಗೆ ಬರುವವರಿದ್ದಾರೆ. ಹೋದ ತಿಂಗಳು ತುರುವೇಕೆರೆ ಕಡೆಯ ಒಬ್ಬ ರೈತರು ಜೆರಾಕ್ಸಿಗೆ ಬಂದಿದ್ದರು. ಮಗ ತೆಂಗಿನ ಮರದಿಂದ ಬಿದ್ದು ಒಂದು ಕಾಲಿನ ಸ್ವಾಧೀನ ಹೋಗಿದೆ. ಪಾಲಿಸಿ ಇದೆ, ಆದರೆ ಡಾಕ್ಟರು ಇನ್ನೂ ನೋಡೋಣ ಅಂತಿದ್ದಾರೆ ಅಂದರು. ಯಾವಾಗ ಬಿದ್ದದ್ದು ಅಂತ ಕೇಳಿದೆ. ಹತ್ತು ತಿಂಗಳಾಗಿತ್ತು. ಜೆರಾಕ್ಸ್ ನಿಲ್ಲಿಸಿ, ಡಾಕ್ಟರಿಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಟೈಪ್ ಮಾಡಿ ಕೊಟ್ಟೆ. ಸೋಮವಾರವೇ ಹೋಗುತ್ತೇವೆ ಅಂತ ಹೇಳಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.