ಮಗುವಿಗೆ ವಿಮಾನ ಒಂದೇ ಹೊಸದಿರಲಿ

ನಮ್ಮ ಕಾಸರಗೋಡಿನ ಕಡೆ ಗಲ್ಫಿನಲ್ಲಿ ನೆಂಟರಿಲ್ಲದ ಮನೆ ಸಿಗುವುದೇ ಕಷ್ಟ. ರಜೆ ಬಂತೆಂದರೆ ದುಬೈ, ದೋಹಾ, ಮಸ್ಕತ್ತಿನ ಮಾತು ಶುರು. ಈಗೀಗ ಒಂದೂವರೆ ವರ್ಷದ ಪುಳ್ಳಿಗಳೂ ಹೊರಡುತ್ತವೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಹೊರಡುವ ವಾರ ಹೊಸ ಬಟ್ಟೆ, ಹೊಸ ಶೂ, ಹೊಸ ಬಾಟಲಿ, ಡಬ್ಬದ ಹೊಸ ಆಹಾರ ಅಂತ ತಂದು ರಾಶಿ ಹಾಕುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ವಿಮಾನವೇ ಮಗುವಿಗೆ ಬೇಕಾದಷ್ಟು ಹೊಸದು. ಉಳಿದದ್ದು ಹಳೆಯದೇ ಇರಲಿ: ದಿನಾ ಕುಡಿಯುವ ಲೋಟ, ಹೊದ್ದು ಮಲಗುವ ಮಾಸಿದ ಬಟ್ಟೆ, ಬಾಯಿಗೆ ರುಚಿ ಗೊತ್ತಿರುವ ತಿಂಡಿ.

ಅದಕ್ಕೂ ಮೊದಲು ಕಾಗದಪತ್ರ. ಎಷ್ಟು ಚಿಕ್ಕ ಮಗುವಾದರೂ ಅದರದ್ದೇ ಪಾಸ್‌ಪೋರ್ಟ್ ಬೇಕು. ಮಕ್ಕಳದ್ದಕ್ಕೆ ಅವಧಿ 5 ವರ್ಷ. 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನದ ಪುರಾವೆಗೆ ಜನನ ಪ್ರಮಾಣಪತ್ರವೇ ಆಗಬೇಕು, ಬೇರೆ ಯಾವುದೂ ನಡೆಯುವುದಿಲ್ಲ. 4 ವರ್ಷದೊಳಗಿನ ಮಕ್ಕಳ ಫೋಟೋ ನೀವೇ ಒಯ್ಯಬೇಕು, ಹಿಂದೆ ಬಿಳಿ ಇರಬೇಕು. ಅಜ್ಜನ ಬಿಳಿ ಮುಂಡನ್ನು ಗೋಡೆಗೆ ಕಟ್ಟಿ, ಮಗು ಹೊಟ್ಟೆ ತುಂಬಿ ಖುಷಿಯಲ್ಲಿರುವಾಗ ತೆಗೆಸಿ. ಸ್ಟುಡಿಯೋದ ಲೈಟು ಕಂಡರೆ ಅರ್ಧ ಮಕ್ಕಳು ಅಳುತ್ತವೆ.

ಹೆಸರಿನ ವಿಷಯ ಇನ್ನೂ ಮುಖ್ಯ. ನಮ್ಮಲ್ಲಿ ಹೆಸರಿನ ಜೊತೆ ಅಪ್ಪನದ್ದೋ ಮನೆಯದ್ದೋ ಇನಿಶಿಯಲ್ ಹಾಕುವುದು ವಾಡಿಕೆ. ಅರ್ಜಿ ತುಂಬುವಾಗ ಸರ್‌ನೇಮ್ ಜಾಗ ಖಾಲಿ ಬಿಟ್ಟುಬಿಡುತ್ತಾರೆ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಎಂದಿತು. ಒಳಪುಟದಲ್ಲಿ ತಂದೆಯ ಹೆಸರಿದ್ದರೆ ಆಗುತ್ತದೆ ಅಂತ ಆಮೇಲೆ ಸಡಿಲಿಸಿದರು ನಿಜ. ಆದರೂ ಕೌಂಟರಿನ ಎದುರು ನಿಂತು ಅದನ್ನೆಲ್ಲ ವಾದಿಸುವುದು ಯಾರಿಗೆ ಬೇಕು? ಮಗುವಿನ ಮೊದಲ ಅರ್ಜಿಯಲ್ಲೇ ಎರಡೂ ಜಾಗ ತುಂಬಿ. ಪ್ರಮಾಣಪತ್ರದಲ್ಲಿರುವ ಅಕ್ಷರವೇ ಪಾಸ್‌ಪೋರ್ಟಿನಲ್ಲೂ ಟಿಕೇಟಿನಲ್ಲೂ ಇರಲಿ.

ಟಿಕೇಟು ಮಾಡುವಾಗ ಮಗುವಿನ ಎರಡನೆಯ ಹುಟ್ಟುಹಬ್ಬ ಎಂದು ಅಂತ ಕ್ಯಾಲೆಂಡರ್ ನೋಡಿ. ಎರಡು ತುಂಬುವವರೆಗೆ ಮಡಿಲಲ್ಲೇ ಪ್ರಯಾಣ, ದುಡ್ಡೂ ಕಡಿಮೆ. ತುಂಬಿದ ಮೇಲೆ ಸ್ವಂತ ಸೀಟು ಬೇಕು. ಹೋಗುವಾಗ ಎರಡಾಗದೆ, ಬರುವಾಗ ಆಗಿದ್ದರೆ ಬರುವುದಕ್ಕೆ ಸೀಟು ತೆಗೆಯಲೇಬೇಕು. ಮಂಗಳೂರಿನಿಂದ ಗಲ್ಫಿಗೆ ಹೋಗುವ ಸಣ್ಣ ವಿಮಾನಗಳಲ್ಲಿ ಮಗುವಿನ ತೊಟ್ಟಿಲನ್ನು ನಂಬಬೇಡಿ. ದೊಡ್ಡ ವಿಮಾನದಲ್ಲಿ ಇದ್ದರೂ ಅದು ಕೈಕೂಸಿಗೆ, ಓಡಾಡುವ ಮಗು ಅದರಲ್ಲಿ ಹಿಡಿಸುವುದಿಲ್ಲ. ಸೀಟಿರುವ ಮಗುವನ್ನು ಬೇರೆ ಸಾಲಿನಲ್ಲಿ ಕೂರಿಸಿದರೆ ಸುಮ್ನಿರಬೇಡಿ. 12 ವರ್ಷದವರೆಗಿನ ಮಕ್ಕಳನ್ನು ಅದೇ ಟಿಕೇಟಿನಲ್ಲಿರುವ ಅಪ್ಪನ ಅಥವಾ ಅಮ್ಮನ ಪಕ್ಕ ಕೂರಿಸಬೇಕೆಂದು 2024ರಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಮ್ಮ ವಿಮಾನ ಕಂಪನಿಗಳಿಗೆ ಹೇಳಿದೆ.

ಇನ್ನು ಅಡಿಗೆಮನೆ. ಮನೆಯಿಂದ ಹೊರಡುವ ಮೊದಲು ನೇಂದ್ರ ಬಾಳೆಕಾಯಿ ಹುಡಿಯ ಮಣ್ಣಿಯೋ ರಾಗಿ ಮಣ್ಣಿಯೋ ಏನು ಅಭ್ಯಾಸವೋ ಅದೇ ಆಗಲಿ, ಆದರೆ ಅರ್ಧ ಹೊಟ್ಟೆ. ತಲಪಾಡಿ ದಾಟಿ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ ಗುಡ್ಡ ಹತ್ತುವ ತಿರುವುಗಳಲ್ಲಿ ಹಾಲು ತುಂಬಿದ ಹೊಟ್ಟೆ ನಿಲ್ಲುವುದಿಲ್ಲ. ನಮ್ಮ ಹೊಸದುರ್ಗ, ಅಂದರೆ ಕಾಞಂಗಾಡಿನಿಂದ ಆಚೆಯವರು ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೋಗುವುದಾದರೂ ಮಾತು ಇದೇ.

ವಿಮಾನದಲ್ಲಿ ಕೊಡಲು ನಾನು ಮಾಡುವುದು ಅವಲಕ್ಕಿ ಹುಡಿ. ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣ ಬದಲಾಗುವವರೆಗೆ ಬೇಡ, ಎರಡು ಬೆರಳಲ್ಲಿ ಒತ್ತಿದರೆ ಚಟ್ಟನೆ ಮುರಿಯಬೇಕು ಅಷ್ಟೆ. ಒಂದು ಹಿಡಿ ಹುರಿಗಡಲೆ, ಒಂದು ಏಲಕ್ಕಿ ಸೇರಿಸಿ ನುಣ್ಣಗೆ ಹುಡಿ ಮಾಡಿ, ಜರಡಿ ಹಿಡಿಯಿರಿ. ಬೆಲ್ಲದ ಹುಡಿ ಬೇರೆಯೇ ಕಟ್ಟಿಕೊಳ್ಳಿ, ಜೊತೆಗೆ ಹಾಕಿದರೆ ಗಂಟು ಕಟ್ಟುತ್ತದೆ. ಒಂದು ಹೊತ್ತಿಗೆ ಆಗುವಷ್ಟೇ ಸಣ್ಣ ಸಣ್ಣ ಪೊಟ್ಟಣ ಮಾಡಿ. ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ಫ್ಲಾಸ್ಕ್ ಖಾಲಿ ಒಯ್ದರೆ ತಪಾಸಣೆಯಲ್ಲಿ ತಕರಾರಿಲ್ಲ, ಒಳಗೆ ಹೋದ ಮೇಲೆ ಬಿಸಿನೀರು ಕೇಳಿದರೆ ಕೊಡುತ್ತಾರೆ. ಮಗು ಮಡಿಲಲ್ಲಿರುವಾಗ ಮಾತ್ರ ಬಿಸಿನೀರು ಮುಟ್ಟಬೇಡಿ. ಪಕ್ಕದವರ ಕೈಗೆ ಮಗುವನ್ನು ಕೊಟ್ಟು ಕಲಸಿ. ಅಷ್ಟು ಇಕ್ಕಟ್ಟಿನಲ್ಲಿ ಒಂದು ಕೈ ಬೀಸಿದರೆ ಮುಗಿಯಿತು.

ಇವಿಷ್ಟನ್ನೂ ಮನೆಯಲ್ಲೇ ಒಂದೆರಡು ದಿನ ತಿನ್ನಿಸಿ ನೋಡಿ, ಅಲ್ಲಿಯೇ ಮೊದಲ ಪ್ರಯೋಗ ಬೇಡ. ಕೈಚೀಲದಲ್ಲಿ ನೀರಿನಂಥದ್ದು 100 ಮಿಲಿಗಿಂತ ಜಾಸ್ತಿ ಬಿಡುವುದಿಲ್ಲವಾದರೂ ಮಗುವಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿ ಇದೆ. ಚೀಲದ ಮೇಲೆಯೇ ಇಟ್ಟು ಕೇಳುವ ಮೊದಲೇ ತೋರಿಸಿಬಿಡಿ.

ಕಿವಿ ನೋವು ಏರುವಾಗಿಗಿಂತ ಇಳಿಯುವಾಗ ಜಾಸ್ತಿ. ಮೂಗಿನ ಹಿಂದಿನಿಂದ ಕಿವಿಯೊಳಗೆ ಹೋಗುವ ಕೊಳವೆ ಮಕ್ಕಳಿಗೆ ತೀರಾ ಸಣ್ಣದು, ಏನಾದರೂ ನುಂಗಿದಾಗ ಅದು ತೆರೆಯುತ್ತದೆ. ಎಷ್ಟೋ ಮಂದಿ ಏರುವಾಗಲೇ ಬಾಟಲಿ ಖಾಲಿ ಮಾಡಿಸಿ, ಇಳಿಯುವಾಗ ಕೈಯಲ್ಲಿ ಏನೂ ಇಲ್ಲದೆ ಕೂತಿರುತ್ತಾರೆ. ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಇರುವಾಗಲೇ ಇಳಿತ ಶುರುವಾಗಿರುತ್ತದೆ. ಮಗು ಮಲಗಿದ್ದರೆ ಆಗ ಮೆಲ್ಲಗೆ ಎಬ್ಬಿಸಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ಕುಡಿಯುವ ಮಗುವಾದರೆ ಇನ್ನೂ ಸುಲಭ. ಶೀತ ಆಗಿ ಮೂಗು ಕಟ್ಟಿದ್ದರೆ ಡಾಕ್ಟರಿಗೆ ತೋರಿಸಿಯೇ ಹೊರಡಿ.

ಶೀತದ ಸಿರಪ್ ಒಂದು ಚಮಚ ಹಾಕು, ದಾರಿಯುದ್ದಕ್ಕೂ ಮಲಗುತ್ತದೆ ಅಂತ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಕೆಲವು ಮಕ್ಕಳು ಅದನ್ನು ಕುಡಿದು ಮಲಗುವ ಬದಲು ಇನ್ನಷ್ಟು ರಚ್ಚೆ ಹಿಡಿಯುತ್ತವೆ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಸೇರಿದ ಶೀತದ ಔಷಧಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ನಮ್ಮ ದೇಶದ ಔಷಧ ನಿಯಂತ್ರಕರೇ 2023ರಲ್ಲಿ ಹೇಳಿದ್ದಾರೆ. ಜ್ವರದ ಮದ್ದು, ಓಆರ್‌ಎಸ್ ಇರಲಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ ದೊಡ್ಡವರಿಗೆ ಅಂತಲೂ ಯುಎಇಗೆ ಒಯ್ಯಬೇಡಿ.

ಅತ್ತೆ, ಅಜ್ಜಿಯರಿಗೆ ಒಂದು ಮಾತು. ಪ್ರೀತಿಯಿಂದ ಕಟ್ಟಿಕೊಡುವ ಗಂಟಿನಲ್ಲಿ ಗಸಗಸೆ ಒಂದು ಚಿಟಿಕೆಯೂ ಇರಬಾರದು. ಅಲ್ಲಿ ಅದು ಮಾದಕ ವಸ್ತು, ಜೈಲಾದವರಿದ್ದಾರೆ. ಮಸಾಲೆ ಹುಡಿಗೆ ಹಾಕಿದ್ದೀರಾ ಅಂತಲೂ ನೆನಪು ಮಾಡಿಕೊಳ್ಳಿ. ವೀಳ್ಯದೆಲೆಯೂ ಬೇಡ. ಒಣಕೊಬ್ಬರಿಯನ್ನು ವಿಮಾನದವರೇ ಒಳಗೆ ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿಯ ಭಯ. ಉಪ್ಪಿನಕಾಯಿ ಏನಿದ್ದರೂ ದೊಡ್ಡ ಪೆಟ್ಟಿಗೆಗೆ.

ಡಯಾಪರ್ ವಿಷಯದಲ್ಲಿ ಒಂದು ಉಪಾಯ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಒಂದು ಡಯಾಪರ್, ನಾಲ್ಕು ವೈಪ್ಸ್, ಕೊಳೆ ಹಾಕಲು ಒಂದು ಪ್ಲಾಸ್ಟಿಕ್ ಚೀಲ, ಇವನ್ನು ಒಟ್ಟಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಹೀಗೆ ಐದಾರು ಸುರುಳಿ. ವಿಮಾನದ ಬಚ್ಚಲಿನಲ್ಲಿ ದೊಡ್ಡವರು ತಿರುಗುವುದಕ್ಕೇ ಜಾಗವಿಲ್ಲ. ಸುರುಳಿ ಒಂದನ್ನು ಹಿಡಿದು ಹೋದರೆ ಸಾಕು. ಅಮ್ಮನಿಗೂ ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಮಗು ವಾಂತಿ ಮಾಡಿದರೆ ನೆನೆಯುವುದು ಅಮ್ಮನೇ ಅಲ್ವಾ? ಒಂದು ತೆಳು ಬೈರಾಸು ಇದ್ದರೆ ಒರೆಸಲೂ ಆಯಿತು, ಹೊದೆಸಲೂ ಆಯಿತು.

ತಲುಪಿದ ದಿನ ಎಲ್ಲಿಗೂ ಹೊರಡಬೇಡಿ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಮಗು ಅಲ್ಲಿಯ ನಸುಕಿಗೇ ಎದ್ದು ಕೂರುತ್ತದೆ. ಎರಡು ದಿನ ಅದರ ಲೆಕ್ಕಕ್ಕೆ ನಡೆಯಿರಿ. ನೆಂಟರ ಕಾರಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮೂರಿನ ಅಭ್ಯಾಸ ಅಲ್ಲಿ ನಡೆಯದು. 4 ವರ್ಷದವರೆಗೆ ಮಕ್ಕಳ ಸೀಟು ಬೇಕೇ ಬೇಕು, ಇಲ್ಲದಿದ್ದರೆ 400 ದಿರ್ಹಂ ದಂಡ. ಮೊದಲೇ ಫೋನ್ ಮಾಡಿ ತೆಗೆದಿಡಲು ಹೇಳಿ.

ಚಿನ್ನವನ್ನು ಮನೆಯಲ್ಲೇ ಬಿಚ್ಚಿಡಿ, ಬೆಳ್ಳಿಯ ಉಡಿದಾರವನ್ನೂ. ಅಲ್ಲಿ ಚಿಕ್ಕಮ್ಮ ಪ್ರೀತಿಯಿಂದ ಬಳೆ ತೊಡಿಸಲು ಬಂದರೆ ಬೇಡ ಅನ್ನುವುದು ಕಷ್ಟ, ಗೊತ್ತು. ಆದರೆ ಚಿನ್ನದ ಒಡವೆಗೆ ಸುಂಕದ ವಿನಾಯಿತಿ ಇರುವುದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರುವವರಿಗೆ. ವಾರ ಸುತ್ತಿ ಬರುವವರಿಗಲ್ಲ, ಮಗುವಿನ ಕೈಯಲ್ಲಿದ್ದರೂ ಅಲ್ಲ. ಅಷ್ಟು ಆಸೆ ಇದ್ದರೆ ಚಿಕ್ಕಮ್ಮ ದುಡ್ಡು ಕಳಿಸಲಿ, ಕಾಸರಗೋಡಿನ ಅಂಗಡಿಯಲ್ಲೇ ಬಳೆ ಕೊಳ್ಳಬಹುದು.